ಫಿಲಿಪೀನ್ಸ್‌ನಲ್ಲಿ ಸೊಪ್ಪು ತರಕಾರಿ ತಿಂದು ಗಟ್ಟಿಯಾಗಿರುವುದು ಹೇಗೆ

ಫಿಲಿಪೀನ್ಸ್‌ಗೆ ಬಂದ ಮೊದಲ ವರ್ಷ ನಾನು ತಿಂದಿದ್ದು ಬಿಳಿ ಅನ್ನ, ಮೊಸರು, ಉಪ್ಪಿನಕಾಯಿ. ಅದು ಬೇಜಾರಾದರೆ ನೂಡಲ್ಸ್, ಅದೂ ಬೇಜಾರಾದರೆ ಬ್ರೆಡ್ಡು. ಸೂಪರ್ ಮಾರ್ಕೆಟ್ಟಿನಲ್ಲಿ ಕೋಸು, ಕ್ಯಾರೆಟ್, ಆಲೂಗಡ್ಡೆ ಬಿಟ್ಟರೆ ಬೇರೆ ಯಾವುದಕ್ಕೂ ಕೈ ಹಾಕುತ್ತಿರಲಿಲ್ಲ. ವರ್ಷದ ಕೊನೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು, ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9ಕ್ಕೆ ಇಳಿದಿತ್ತು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು, ತಗೊಂಡೆ. ನಮ್ಮ ಮನೆ ಓನರ್ ವಯಸ್ಸಾದ ಹೆಂಗಸು. ಇಲ್ಲಿ ಅಮ್ಮನಿಗೆ ನಾನಾಯ್ ಅಂತಾರೆ, ನಾವೂ ಅವರನ್ನು ಹಾಗೇ ಕರೆಯುತ್ತೇವೆ. ಅವರು ಮಾತ್ರೆ ಡಬ್ಬಿ ನೋಡಿದವರೇ ನನ್ನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಅಡುಗೆಮನೆ ಕಿಟಕಿಯಿಂದ ಆರಡಿ ದೂರದಲ್ಲಿ ಒಂದು ನುಗ್ಗೆಮರ. ವರ್ಷವಿಡೀ ಅದರ ಪಕ್ಕದಲ್ಲೇ ಬಟ್ಟೆ ಒಣಹಾಕಿದ್ದೆ, ಕಾಯಿ ಇರಲಿಲ್ಲವಲ್ಲ, ಹಾಗಾಗಿ ತಲೆ ಎತ್ತಿ ನೋಡಿರಲಿಲ್ಲ.

ನಾವಿರುವುದು ಮನಿಲಾದಿಂದ ದಕ್ಷಿಣಕ್ಕೆ, ಲಗುನಾ ಪ್ರಾಂತ್ಯದ ಲೊಸ್ ಬಾನ್ಯೊಸ್ ಊರಿನಲ್ಲಿ. 1960ರಲ್ಲಿ ಶುರುವಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇರುವುದು ಇಲ್ಲೇ, ಎಲ್ಲರೂ ಇರ್ರಿ ಅಂತಾರೆ, ಅದರಿಂದಾಗಿ ಭಾರತದವರು ಇಲ್ಲಿಗೆ ಬಂದು ಹೋಗಿ ಮಾಡುತ್ತಲೇ ಇರುತ್ತಾರೆ. ದವಾವೊ ಕಡೆ ಮೆಡಿಕಲ್ ಓದಲು ಬರುವ ನಮ್ಮ ಹುಡುಗ ಹುಡುಗಿಯರಂತೂ ತುಂಬಾ ಜನ. ಹೆಚ್ಚಿನವರದ್ದು ಒಂದೇ ದೂರು, ಇಲ್ಲಿ ತಿನ್ನೋಕೆ ಏನೂ ಸಿಗಲ್ಲ, ಬರೀ ಮಾಂಸ. ನಾನು ತೀರ್ಥಹಳ್ಳಿ ಕಡೆಯವಳು, ಕೆಸು, ಕಳಲೆ, ಬಸಳೆ ತಿಂದು ಬೆಳೆದವಳು. ಆರು ವರ್ಷ ಇಲ್ಲಿದ್ದ ಮೇಲೆ ಹೇಳುತ್ತೇನೆ, ನಮ್ಮ ಹಿತ್ತಲಿನ ಮುಕ್ಕಾಲು ಪಾಲು ಗಿಡ ಇಲ್ಲೂ ಇದೆ. ಹೆಸರು ಬೇರೆ, ಅಡುಗೆ ಬೇರೆ, ಅಷ್ಟೇ. ಹೇಗೆ ಶುರು ಮಾಡಬೇಕು ಅನ್ನುವುದನ್ನು ನಾನು ಕಲಿತ ಕ್ರಮದಲ್ಲೇ ಬರೆಯುತ್ತಿದ್ದೇನೆ.

1. ಮೊದಲು ಹೆಸರು ಕಲಿಯಿರಿ

ಇದಿಲ್ಲದೆ ಮುಂದಿನದು ಯಾವುದೂ ಆಗುವುದಿಲ್ಲ. ತರಕಾರಿಗೆ ಇಲ್ಲಿ ಗುಲಾಯ್ ಅಂತಾರೆ. ಒಂದು ಚೀಟಿಯಲ್ಲಿ ಬರೆದುಕೊಂಡು ಫ್ರಿಜ್ಜಿಗೆ ಅಂಟಿಸಿಕೊಳ್ಳಿ:

ನುಗ್ಗೆ – ಮಲುಂಗ್ಗಾಯ್
ಬಸಳೆ – ಅಲುಗ್‌ಬಾತಿ
ಹಾಗಲಕಾಯಿ – ಅಂಪಲಾಯಾ
ಬದನೆ – ತಲೊಂಗ್
ಅಲಸಂದೆ – ಸಿತಾವ್
ಅವರೆ – ಬತಾವ್
ತೊಗರಿ – ಕಡ್ಯೊಸ್
ಹೆಸರುಕಾಳು – ಮೊಂಗ್ಗೊ
ಸಿಹಿಗುಂಬಳ – ಕಲಬಾಸಾ
ಬೂದುಗುಂಬಳ – ಕುಂಡೊಲ್
ಸೋರೆಕಾಯಿ – ಉಪೊ
ಹೀರೆಕಾಯಿ, ತುಪ್ಪದ ಹೀರೆ ಎರಡೂ – ಪತೋಲಾ
ಮೂಲಂಗಿ – ಲಬನೊಸ್
ಕೆಸು – ಗಾಬಿ
ಗೆಣಸು – ಕಮೋತೆ
ಸೀಮೆಬದನೆ – ಸಯೋತೆ
ಹಲಸು – ಲಂಗ್ಕಾ
ಕಳಲೆ – ಲಬೊಂಗ್
ಅಗಸೆ ಮರದ ಹೂವು – ಕತುರಾಯ್
ಬಾಳೆಹೂವು – ಪೂಸೊ ನಂಗ್ ಸಗಿಂಗ್

ಕೊನೆಯದರ ಅರ್ಥ ‘ಬಾಳೆಯ ಹೃದಯ’. ಕೈಯಲ್ಲಿ ಹಿಡಿದು ನೋಡಿದರೆ ಆ ಹೆಸರು ಯಾಕೆ ಅಂತ ತಾನೇ ಗೊತ್ತಾಗುತ್ತದೆ. ಇನ್ನೊಂದು, ಇಲ್ಲಿನವರು ಕೆಮ್ಮಿಗೆ ಒರೆಗಾನೊ ಎಲೆ ಕುದಿಸಿ ಕುಡಿಯಿರಿ ಅಂದರೆ ಪಿಜ್ಜಾ ಮೇಲೆ ಉದುರಿಸುವ ಎಲೆ ಅಂತ ತಿಳಿಯಬೇಡಿ. ಅದು ನಮ್ಮ ದೊಡ್ಡಪತ್ರೆ. ಮೊಸರು ಸಿಕ್ಕಿದ ದಿನ ತಂಬುಳಿ ಮಾಡಿಕೊಳ್ಳಿ.

ನಮ್ಮಲ್ಲಿ ಅಷ್ಟಾಗಿ ಬಳಕೆ ಇಲ್ಲದವೂ ಇವೆ. ಕಂಗ್ಕೊಂಗ್ ನೀರಿನಲ್ಲಿ ಹಬ್ಬುವ, ಟೊಳ್ಳು ದಂಟಿನ ಸೊಪ್ಪು. ಸಲುಯೊಟ್ ಅಂದರೆ ಸೆಣಬಿನ ಗಿಡದ ಎಲೆ, ಬೇಯಿಸಿದರೆ ಬೆಂಡೆಯ ಹಾಗೆ ಲೋಳೆ ಬಿಡುತ್ತದೆ, ಉತ್ತರದ ಇಲೊಕೊಸ್ ಜನರಿಗೆ ಅದೆಂದರೆ ಪ್ರಾಣ. ಸಿಗರಿಲ್ಯಾಸ್ ಉದ್ದದ ಕಾಯಿ, ನಾಲ್ಕು ಅಂಚಿಗೂ ಝಾಲರಿ ಹೊಲಿದ ಹಾಗಿರುತ್ತದೆ, ಅಡ್ಡ ಕೊಯ್ದರೆ ಪ್ರತಿ ಹೋಳೂ ನಾಲ್ಕು ರೆಕ್ಕೆಯ ನಕ್ಷತ್ರ. ಸಿಂಗ್ಕಮಾಸ್ ಹಸಿಯಾಗಿ ತಿನ್ನುವ ನೀರುನೀರಾದ ಸಿಹಿ ಗೆಡ್ಡೆ. ಪಕೊ ಅಂದರೆ ಜರೀಗಿಡದ ಸುರುಳಿ ಚಿಗುರು. ಕೊಡಗಿನವರು ತೆರ್ಮೆ ಅಂತ ತಿನ್ನುತ್ತಾರಲ್ಲ, ಅದೇ.

ಇವುಗಳಲ್ಲಿ ಎಲ್ಲವೂ ಈ ಮಣ್ಣಿನಲ್ಲೇ ಹುಟ್ಟಿದ್ದಲ್ಲ ಅನ್ನುವುದನ್ನೂ ಹೇಳಬೇಕು. 1565ರಿಂದ 1815ರವರೆಗೆ ಸ್ಪೇನಿನ ಹಡಗುಗಳು ಮನಿಲಾಕ್ಕೂ ಮೆಕ್ಸಿಕೊದ ಅಕಾಪುಲ್ಕೊಗೂ ನಡುವೆ ಓಡಾಡುತ್ತಿದ್ದವು. ಸಯೋತೆ, ಸಿಂಗ್ಕಮಾಸ್, ಟೊಮೆಟೊ ಎಲ್ಲ ಆ ಕಡೆಯಿಂದ ಬಂದವು, ಕಮೋತೆ ಅನ್ನುವ ಹೆಸರೂ ಅಲ್ಲಿಯದೇ. ಮಾವಿಗೆ ಇಲ್ಲಿ ಮಂಗ್ಗಾ ಅಂತಾರೆ, ಆ ಪದದ ಮೂಲ ತಮಿಳಿನ ಮಾಂಗಾಯ್. ನೂರಾರು ವರ್ಷದಿಂದ ಹಿತ್ತಲಲ್ಲಿ ಬೆಳೆದು ಬಂದಿದ್ದನ್ನು ಇಲ್ಲಿನವರು ತಮ್ಮದೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ನಮ್ಮ ಮೆಣಸಿನಕಾಯಿ ಕಥೆಯೂ ಅದೇ ಅಲ್ವಾ.

2. ಪಲೆಂಗ್ಕೆಗೆ ಹೋಗಿ

ಸೂಪರ್ ಮಾರ್ಕೆಟ್ಟಿನ ತಣ್ಣನೆಯ ಕಪಾಟಿನಲ್ಲಿ ಇರುವುದು ಹೆಚ್ಚಾಗಿ ಬೆಂಗೆಟ್ ಬೆಟ್ಟದ ಕಡೆಯಿಂದ ಬಂದ ಕೋಸು, ಕ್ಯಾರೆಟ್, ಆಲೂಗಡ್ಡೆ, ಬ್ರೊಕೊಲಿ. ದಾರಿಯಲ್ಲಿ ಗುಡ್ಡ ಕುಸಿದರೆ ಸಾಕು, ಅದರ ಬೆಲೆ ಏರಿಬಿಡುತ್ತದೆ. ನಾನು ಹೇಳುತ್ತಿರುವುದು ಬಯಲಿನ ತರಕಾರಿ, ಅದು ಸಿಗುವುದು ಪಲೆಂಗ್ಕೆಯಲ್ಲಿ, ಅಂದರೆ ಊರಿನ ಮಾರುಕಟ್ಟೆ. ಬೆಳಿಗ್ಗೆ ಆರು ಗಂಟೆಗೆ ಹೋಗಿ. ಎಂಟಾದರೆ ಸೊಪ್ಪು ಬಾಡಿರುತ್ತದೆ, ಇಲ್ಲಿನ ಸೆಖೆ ಹಾಗಿದೆ. ಮೀನು ಮಾಂಸದ ಸಾಲು ಒಂದು ಕಡೆ, ಸೊಪ್ಪಿನ ಸಾಲು ಇನ್ನೊಂದು ಕಡೆ. ವಾಸನೆಗೆ ಹೆದರಿ ವಾಪಸ್ ಬರಬೇಡಿ, ಇನ್ನೊಂದು ಬಾಗಿಲಿನಿಂದ ಒಳಗೆ ಹೋಗಿ.

ನಾಲ್ಕು ಮಾತು ಕಲಿತರೆ ಸಾಕು. ‘ಮಗ್ಕಾನೊ ಪೊ?’ ಅಂದರೆ ಎಷ್ಟು ರೀ. ಈ ‘ಪೊ’ ಇದೆಯಲ್ಲ, ಅದು ನಮ್ಮ ‘ರೀ’ ಇದ್ದ ಹಾಗೆ, ಅದಿಲ್ಲದೆ ದೊಡ್ಡವರ ಹತ್ತಿರ ಮಾತಾಡಬೇಡಿ. ‘ಇಸಾಂಗ್ ತಾಲಿ’ ಅಂದರೆ ಒಂದು ಕಟ್ಟು. ಮಾರುವ ಹೆಂಗಸನ್ನು ‘ಆತೆ’ ಅನ್ನಿ, ಅಕ್ಕ ಅಂದ ಹಾಗೆ. ಗಂಡಸಾದರೆ ‘ಕೂಯಾ’, ಅಣ್ಣ. ಒಬ್ಬರ ಹತ್ತಿರವೇ ವಾರ ವಾರ ತಗೊಂಡರೆ ನೀವು ಅವರಿಗೆ ಸೂಕಿ ಆಗುತ್ತೀರಿ, ಅವರೂ ನಿಮಗೆ ಸೂಕಿ. ನಮ್ಮ ಖಾಯಂ ಗಿರಾಕಿ ಲೆಕ್ಕ. ಆಮೇಲೆ ಒಳ್ಳೆ ಬದನೆ ತೆಗೆದಿಡುತ್ತಾರೆ, ಒಂದು ಹಿಡಿ ಮೆಣಸಿನ ಗಿಡದ ಎಲೆ ಸುಮ್ನೆ ಚೀಲಕ್ಕೆ ಹಾಕುತ್ತಾರೆ. ಹೌದು, ಮೆಣಸಿನ ಎಲೆಯನ್ನೂ ಇಲ್ಲಿ ಸಾರಿಗೆ ಹಾಕುತ್ತಾರೆ, ಖಾರ ಇರುವುದಿಲ್ಲ.

ತೆಂಗಿನಕಾಯಿ ಅಂಗಡಿ ಎಲ್ಲಿದೆ ಅಂತಲೂ ನೋಡಿಟ್ಟುಕೊಳ್ಳಿ. ನಿಮ್ಮೆದುರೇ ಕಾಯಿ ಒಡೆದು ಮೆಷಿನ್ನಿನಲ್ಲಿ ತುರಿದು ಕೊಡುತ್ತಾರೆ.

3. ತಟ್ಟೆಯ ಅರ್ಧ

ಈ ದೇಶದ ಆಹಾರ ಮತ್ತು ಪೌಷ್ಟಿಕತೆ ಸಂಶೋಧನಾ ಸಂಸ್ಥೆ ‘ಪಿಂಗ್ಗಾಂಗ್ ಪಿನೊಯ್’ ಅಂತ ಒಂದು ತಟ್ಟೆಯ ಚಿತ್ರ ಮಾಡಿದೆ. ಆರೋಗ್ಯ ಕೇಂದ್ರದ ಗೋಡೆ ಮೇಲೆ ನೋಡಿರುತ್ತೀರಿ. ಅರ್ಧ ತಟ್ಟೆ ತರಕಾರಿ ಹಣ್ಣು, ಅದರಲ್ಲೂ ತರಕಾರಿಯೇ ಜಾಸ್ತಿ. ಮೂರನೇ ಒಂದು ಭಾಗದಷ್ಟು ಅನ್ನ ಅಥವಾ ಗೆಡ್ಡೆ. ಉಳಿದಿದ್ದು ಮೀನು, ಮೊಟ್ಟೆ, ಕಾಳು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಅನ್ನುವುದೂ ಹೆಚ್ಚು ಕಡಿಮೆ ಅದೇ ಲೆಕ್ಕಕ್ಕೆ ಬರುತ್ತದೆ.

ಇಲ್ಲಿ ಸೋಲುವುದು ಅನ್ನದಲ್ಲಿ. ಊರಿನ ಮೆಸ್ಸುಗಳಲ್ಲಿ, ಅವಕ್ಕೆ ಕರಿಂದೆರಿಯಾ ಅಂತಾರೆ, ಬಟ್ಟಲು ತುಂಬಾ ಬಿಳಿ ಅನ್ನದ ಮೇಲೆ ಇನ್ನೊಂದು ಬಟ್ಟಲು ಅನ್ನ ಹಾಕಿಸಿಕೊಳ್ಳುವುದು ರೂಢಿ, ನಮಗೂ ಅನ್ನವೆಂದರೆ ಇಷ್ಟ, ಹಾಗಾಗಿ ಎರಡೂ ಅಭ್ಯಾಸ ಸೇರಿ ತಟ್ಟೆಯ ಮುಕ್ಕಾಲು ಭಾಗ ಬೆಳ್ಳಗೇ ಇರುತ್ತದೆ. ನಾನು ಮಾಡಿಕೊಂಡ ಉಪಾಯ ಇಷ್ಟೇ: ಮೊದಲು ತಟ್ಟೆಗೆ ಪಲ್ಯ ಬಡಿಸಿಕೊಳ್ಳುವುದು, ಉಳಿದ ಜಾಗಕ್ಕೆ ಅನ್ನ. ವಾರದಲ್ಲಿ ಎರಡು ದಿನ ಅನ್ನದ ಬದಲು ಬೇಯಿಸಿದ ಗೆಣಸು ಅಥವಾ ಸಾಬಾ ಬಾಳೆಕಾಯಿ. ಸಿಕ್ಕರೆ ಕೊರ್ದಿಲ್ಯೆರಾ ಬೆಟ್ಟದ ಕೆಂಪಕ್ಕಿ. 1995ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಇಫುಗಾವೊ ಗದ್ದೆಗಳು ಇರುವುದು ಆ ಬೆಟ್ಟಗಳಲ್ಲೇ. ಬೆಲೆ ಜಾಸ್ತಿ, ದಿನಾ ಆಗುವುದಿಲ್ಲ.

4. ಮೊಂಗ್ಗೊದಿಂದ ಶುರು ಮಾಡಿ

ಒಂದೇ ಅಡುಗೆ ಕಲಿಯುತ್ತೇನೆ ಅನ್ನುವವರಿಗೆ ಇದನ್ನೇ ಹೇಳುತ್ತೇನೆ. ಕ್ಯಾಥೊಲಿಕ್ ಮನೆಗಳಲ್ಲಿ ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರಗಳಂದು ಮಾಂಸ ಬಿಡುತ್ತಾರೆ, ಆಗ ಮಾಡುವುದು ಹೆಸರುಕಾಳಿನ ಗಿನಿಸಾಂಗ್ ಮೊಂಗ್ಗೊ. ಈಗ ವರ್ಷವಿಡೀ ಶುಕ್ರವಾರ ಬಂದರೆ ಕರಿಂದೆರಿಯಾಗಳಲ್ಲಿ ಮೊಂಗ್ಗೊ ಇದ್ದೇ ಇರುತ್ತದೆ. ಆದರೆ ಹೊರಗೆ ಮಾಡುವುದಕ್ಕೆ ಸೀಗಡಿ, ಒಣಮೀನು, ಹುರಿದ ಹಂದಿ ಚರ್ಮ ಬಿದ್ದಿರುತ್ತದೆ, ಆದ್ದರಿಂದ ಸಸ್ಯಾಹಾರಿಗಳು ಮನೆಯಲ್ಲೇ ಮಾಡಿಕೊಳ್ಳಬೇಕು.

ಒಂದು ಲೋಟ ಹೆಸರುಕಾಳು ತೊಳೆದು ನಾಲ್ಕು ಲೋಟ ನೀರಿನಲ್ಲಿ ಕಾಳು ಒಡೆಯುವ ತನಕ ಬೇಯಿಸಿ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ ಆರು ಎಸಳು, ಹೆಚ್ಚಿದ ಈರುಳ್ಳಿ, ಆಮೇಲೆ ಎರಡು ಟೊಮೆಟೊ. ಈ ಮೂರನ್ನು ಬಾಡಿಸುವುದಕ್ಕೆ ಗಿಸಾ ಅಂತಾರೆ. ನಮಗೆ ಒಗ್ಗರಣೆ ಹೇಗೋ ಇವರಿಗೆ ಗಿಸಾ ಹಾಗೆ, ಸಾಸಿವೆ ಕರಿಬೇವು ಇಲ್ಲ ಅಷ್ಟೇ. ಟೊಮೆಟೊ ಕರಗಿ ಎಣ್ಣೆ ಬಿಟ್ಟ ಮೇಲೆ ಬೆಂದ ಕಾಳನ್ನು ನೀರಿನ ಸಮೇತ ಸುರಿಯಿರಿ, ಉಪ್ಪು ಹಾಕಿ ಹತ್ತು ನಿಮಿಷ ಕುದಿಸಿ. ಗಟ್ಟಿ ಬೇಳೆಸಾರಿನ ಹದಕ್ಕೆ ಬಂದಾಗ ಎರಡು ಹಿಡಿ ನುಗ್ಗೆಸೊಪ್ಪು ಹಾಕಿ ಒಂದು ಕುದಿ ಬಂದ ಕೂಡಲೇ ಒಲೆ ಆರಿಸಿ. ಜಾಸ್ತಿ ಬೇಯಿಸಿದರೆ ಎಲೆಯ ಬಣ್ಣವೂ ಹೋಗುತ್ತದೆ, ಕಹಿಯೂ ಬರುತ್ತದೆ. ತಟ್ಟೆಗೆ ಬಂದ ಮೇಲೆ ಕಲಮನ್ಸಿ ಹಿಂಡಿ. ಕಲಮನ್ಸಿ ಅಂದರೆ ಗೋಲಿಯಷ್ಟೇ ಇರುವ ಇಲ್ಲಿನ ಪುಟ್ಟ ನಿಂಬೆ. ಈ ಹುಳಿ ಬರೀ ರುಚಿಗಲ್ಲ. ಕಾಳು ಸೊಪ್ಪಿನಲ್ಲಿರುವ ಕಬ್ಬಿಣವನ್ನು ಮೈ ಹೀರಿಕೊಳ್ಳಲು ವಿಟಮಿನ್ ಸಿ ನೆರವಾಗುತ್ತದೆ. ಊಟವಾದ ಕೂಡಲೇ ಕಾಫಿ ಟೀ ಕುಡಿದರೆ ಅದೇ ಕಬ್ಬಿಣಕ್ಕೆ ಅಡ್ಡಿ. ನಾನು ಊಟದ ಮೇಲಿನ ಕಾಫಿಯನ್ನು ಒಂದೂವರೆ ಗಂಟೆ ಮುಂದೆ ಹಾಕಿದೆ, ಕಷ್ಟವಾಯಿತು, ಆದರೆ ಬಿಡಲಿಲ್ಲ.

ಎಲೆ ಬಿಡಿಸುವ ಕೆಲಸಕ್ಕೆ ಹೆದರಿ ನುಗ್ಗೆಸೊಪ್ಪು ಬಿಡುವವರು ತುಂಬಾ ಜನ. ನಾನಾಯ್ ಮಾಡುವುದನ್ನು ನೋಡಿ. ಸಂಜೆ ಕೊಂಬೆ ಮುರಿದು ತಂದು ಹಳೆಯ ಬಟ್ಟೆಯಲ್ಲಿ ಸುತ್ತಿ ಮೂಲೆಯಲ್ಲಿಡುತ್ತಾರೆ. ಬೆಳಿಗ್ಗೆ ಬಟ್ಟೆ ಬಿಚ್ಚಿ ಕೊಂಬೆ ಕೊಡವಿದರೆ ಅರ್ಧ ಎಲೆ ತಾನೇ ಉದುರಿರುತ್ತದೆ. ಉಳಿದಿದ್ದಕ್ಕೆ ಕಡ್ಡಿಯ ತುದಿ ಎಡಗೈಲಿ ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳು ಸೇರಿಸಿ ತುದಿಯಿಂದ ಬುಡದ ಕಡೆಗೆ ಒಂದೇ ಸಲ ಎಳೆಯುತ್ತಾರೆ, ಎಲೆಯೆಲ್ಲ ಮುಷ್ಟಿಯಲ್ಲಿ, ಕಡ್ಡಿ ಬೋಳು. ಆ ಹಸಿರು ಘಾಟು ಬೆರಳಿನಿಂದ ಸಂಜೆಯ ತನಕ ಹೋಗುವುದಿಲ್ಲ. ಸಣ್ಣ ಕಡ್ಡಿ ಉಳಿದರೆ ಬೇಯುತ್ತದೆ, ದಪ್ಪದ್ದು ಮಾತ್ರ ಹಲ್ಲಿಗೆ ಸಿಗುತ್ತದೆ, ಅದನ್ನು ಆರಿಸಿ ಬಿಸಾಡಿ.

ನುಗ್ಗೆಸೊಪ್ಪಿನ ಬಗ್ಗೆ ಪುಡಿ, ಮಾತ್ರೆ ಮಾರುವವರು ಹೇಳುವುದೆಲ್ಲ ನಂಬಬೇಡಿ. ಕಿತ್ತಳೆಗಿಂತ ಏಳು ಪಟ್ಟು ವಿಟಮಿನ್ ಸಿ ಅಂತ ಬರೆದಿರುತ್ತಾರೆ. 100 ಗ್ರಾಂ ಹಸಿ ಎಲೆಯಲ್ಲಿ ಇರುವುದು ಸುಮಾರು 52 ಮಿಲಿಗ್ರಾಂ, ಕಿತ್ತಳೆಯಲ್ಲೂ ಹೆಚ್ಚು ಕಡಿಮೆ ಅಷ್ಟೇ, ಅದೂ ಬೇಯಿಸಿದರೆ ಸ್ವಲ್ಪ ಹೋಗುತ್ತದೆ. ಆದರೆ ಅದೇ 100 ಗ್ರಾಂನಲ್ಲಿ 9 ಗ್ರಾಂ ಪ್ರೋಟೀನ್, 185 ಮಿಲಿಗ್ರಾಂ ಕ್ಯಾಲ್ಸಿಯಂ, 4 ಮಿಲಿಗ್ರಾಂ ಕಬ್ಬಿಣ ಇದೆ, ಒಂದು ಸೊಪ್ಪಿಗೆ ಇದು ನಿಜಕ್ಕೂ ದೊಡ್ಡದು. ನಾವು ಒಂದು ಊಟಕ್ಕೆ ತಿನ್ನುವುದು 20-30 ಗ್ರಾಂ ಇರಬಹುದು. ಹಾಗಾಗಿ ಒಂದು ದಿನ ತಿಂದು ಫಲ ನೋಡುವುದಲ್ಲ, ವಾರಕ್ಕೆ ಮೂರು ನಾಲ್ಕು ಸಲ ತಿನ್ನಬೇಕು. ಇಲ್ಲಿ ಬಾಣಂತಿಯರಿಗೆ ಹಾಲು ಬರಲಿ ಅಂತ ಇದರ ಸಾರು ಕೊಡುವುದು ತಲೆತಲಾಂತರದ ಪದ್ಧತಿ.

5. ಅಕ್ಕಚ್ಚಿನ ಸಾರು, ಹುಣಸೆ ಸಾರು

ಎರಡನೇ ಅಡುಗೆ ಬುಲಂಗ್ಲಂಗ್. ಅಕ್ಕಿ ತೊಳೆದ ಎರಡನೇ ನೀರನ್ನು ಇಲ್ಲಿ ಚೆಲ್ಲುವುದಿಲ್ಲ. ಆ ಅಕ್ಕಚ್ಚನ್ನೇ ಕುದಿಸಿ, ಒಂದು ತುಂಡು ಶುಂಠಿ, ಈರುಳ್ಳಿ ಹಾಕಿ, ಗಟ್ಟಿ ತರಕಾರಿ ಮೊದಲು, ಮೆದು ತರಕಾರಿ ಆಮೇಲೆ, ಸೊಪ್ಪು ಕೊನೆಗೆ. ಸಿಹಿಗುಂಬಳ, ಹಸಿ ಪಪ್ಪಾಯಿ, ಅಲಸಂದೆ, ಹೀರೆ, ಬೆಂಡೆ, ಬಸಳೆ, ಹೀಗೆ ಏನಿದೆಯೋ ಅದು. ಎಣ್ಣೆ ಇಲ್ಲ, ಮಸಾಲೆ ಇಲ್ಲ. ಮೊದಲ ಸಲ ತಿಂದಾಗ ಸಪ್ಪೆ ಅನ್ನಿಸುತ್ತದೆ. ಒಂದು ಹಸಿಮೆಣಸಿನಕಾಯಿ ಕಿವುಚಿ ಹಾಕಿಕೊಂಡು ನೋಡಿ, ನಮ್ಮ ಉಪ್ಸಾರಿನ ನೆನಪಾಗುತ್ತದೆ. ವಿಸಾಯಾಸ್ ಮತ್ತು ದವಾವೊ ಕಡೆ ಇದೇ ತರದ ಸಾರಿಗೆ ಮಜ್ಜಿಗೆಹುಲ್ಲಿನ ಕಟ್ಟು ಹಾಕಿ ಉತಾನ್ ಅಂತಾರೆ, ಘಮ ಬಹಳ ಚೆನ್ನಾಗಿರುತ್ತದೆ. ದವಾವೊದ ವಿದ್ಯಾರ್ಥಿಗಳೇ, ನಿಮ್ಮ ಹಾಸ್ಟೆಲ್ಲಿನ ರೈಸ್ ಕುಕ್ಕರ್ ಒಂದರಲ್ಲೇ ಇದು ಆಗುತ್ತದೆ.

ಸಿನಿಗಂಗ್ ಹುಣಸೆಹಣ್ಣಿನ ಸಾರು. ಅದಕ್ಕೆ ಮಾಂಸ ಅಥವಾ ಮೀನು ಹಾಕುತ್ತಾರೆ, ನೀವು ಕೆಸುವಿನ ಗೆಡ್ಡೆ ಹಾಕಿ, ಅದು ಕರಗಿ ಸಾರು ತಾನಾಗಿ ಮಂದವಾಗುತ್ತದೆ. ಮೂಲಂಗಿ, ಬದನೆ, ಅಲಸಂದೆ, ಕೊನೆಗೆ ಕಂಗ್ಕೊಂಗ್. ಪ್ಯಾಕೆಟ್ಟಿನ ಸಿನಿಗಂಗ್ ಪುಡಿ ಮಾತ್ರ ಬೇಡ, ಅದರಲ್ಲಿ ಉಪ್ಪು ವಿಪರೀತ. ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

6. ತೆಂಗಿನಹಾಲು ಎಲ್ಲಿ ಬೇಕು, ಎಷ್ಟು ಬೇಕು

ಸಿಹಿಗುಂಬಳ ಮತ್ತು ಅಲಸಂದೆಯನ್ನು ತೆಂಗಿನಹಾಲಿನಲ್ಲಿ ಬೇಯಿಸುವುದು ಇಲ್ಲಿ ಮನೆಮನೆಯ ಅಡುಗೆ. ತೆಳು ಹಾಲಿನಲ್ಲಿ ತರಕಾರಿ ಬೇಯಿಸಿ, ಇಳಿಸುವ ಮುಂಚೆ ದಪ್ಪ ಹಾಲು. ಇದರಲ್ಲಿ ಒಂದು ಲೆಕ್ಕವಿದೆ. ಕುಂಬಳದ ಹಳದಿ ಬಣ್ಣದಿಂದ ಮೈ ವಿಟಮಿನ್ ಎ ಮಾಡಿಕೊಳ್ಳುತ್ತದೆ, ಆದರೆ ಜೊತೆಗೆ ಸ್ವಲ್ಪ ಜಿಡ್ಡು ಇದ್ದರೇ ಅದು ಚೆನ್ನಾಗಿ ಒಳಗೆ ಹೋಗುತ್ತದೆ. ಇದೇ ವಿಟಮಿನ್ ಎ ಕೊರತೆ ನೀಗಲು ಅಂತ ನಮ್ಮೂರಿನ ಇರ್ರಿ ಮತ್ತು ಸರ್ಕಾರದ ಭತ್ತ ಸಂಶೋಧನಾ ಸಂಸ್ಥೆ ಸೇರಿ ಚಿನ್ನದ ಬಣ್ಣದ ಕುಲಾಂತರಿ ಅಕ್ಕಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವು. 2021ರಲ್ಲಿ ಬೆಳೆಯಲು ಒಪ್ಪಿಗೆ ಸಿಕ್ಕಿತು, 2024ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಡೆಯಿತು. ಆ ವಾದ ನಡೆಯುತ್ತಿರಲಿ. ಮಕ್ಕಳಿರುವ ಮನೆಯವರು ಕುಂಬಳ, ನುಗ್ಗೆಸೊಪ್ಪು, ಗೆಣಸಿನ ಕುಡಿಯನ್ನು ವಾರದಲ್ಲಿ ಮೂರು ದಿನ ತಟ್ಟೆಗೆ ಹಾಕಿ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ತೆಂಗಿನಹಾಲಿನಲ್ಲಿ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ. ಹೃದಯದ ತೊಂದರೆ ಇರುವವರು ವಾರಕ್ಕೊಮ್ಮೆ ಸಾಕು, ಅದೂ ತೆಳು ಹಾಲು.

ಬಿಕೊಲ್ ಪ್ರದೇಶದ ಲಯಿಂಗ್ ಪ್ರಸಿದ್ಧ. ಒಣಗಿಸಿದ ಕೆಸುವಿನ ಎಲೆಯನ್ನು ತೆಂಗಿನಹಾಲು, ಶುಂಠಿ, ಮೆಣಸಿನಕಾಯಿ ಜೊತೆ ಸಣ್ಣ ಉರಿಯಲ್ಲಿ ಹಾಲು ಇಂಗುವ ತನಕ ಬೇಯಿಸುತ್ತಾರೆ. ಪತ್ರೊಡೆ ತಿನ್ನುವ ನಮಗೆ ಅದರ ತುರಿಕೆ ಹೊಸದಲ್ಲ. ನಾವು ಹುಣಸೆ ಹಾಕುತ್ತೇವೆ, ಇವರು ಎಲೆಯನ್ನು ಪೂರ್ತಿ ಒಣಗಿಸುತ್ತಾರೆ, ಬೇಯುವಾಗ ಕಲಕಬಾರದು ಅಂತಾರೆ. ನಾನು ಎರಡನ್ನೂ ಮಾಡುತ್ತೇನೆ, ಕೊನೆಗೆ ಹುಣಸೆ ರಸವೂ ಒಂದು ಚಮಚ. ಚೆನ್ನಾಗಿ ಬೇಯಿಸುವುದು ಮುಖ್ಯ, ಮುಕ್ಕಾಲು ಗಂಟೆಯಾದರೂ ಬೇಕು. ಕಳಲೆಗೂ ನಮ್ಮೂರಿನ ನಿಯಮವೇ, ನೀರು ಬದಲಿಸಿ ನೆನೆಸಿ, ಕುದಿಸಿ ಆ ನೀರು ಚೆಲ್ಲಿ, ಆಮೇಲೆ ಅಡುಗೆ.

7. ಸುಟ್ಟ ಬದನೆ, ಕಹಿ ಹಾಗಲ, ಗೆಣಸಿನ ಕುಡಿ

ಇಲ್ಲಿನ ಬದನೆ ಉದ್ದ, ತೆಳ್ಳಗೆ, ನೇರಳೆ. ಗ್ಯಾಸಿನ ಮೇಲೆ ಇಟ್ಟು ಸಿಪ್ಪೆ ಕರ್ರಗಾಗಿ ಒಳಗೆ ಮೆತ್ತಗಾಗುವ ತನಕ ತಿರುಗಿಸಿ ಸುಡಿ. ಸಿಪ್ಪೆ ತೆಗೆದು ತಿರುಳನ್ನು ಸ್ವಲ್ಪ ಸೀಳಿ, ಹಸಿ ಈರುಳ್ಳಿ, ಟೊಮೆಟೊ, ವಿನೆಗರ್ ಅಥವಾ ಕಲಮನ್ಸಿ, ಉಪ್ಪು. ಇದು ಎನ್ಸಲಾದಂಗ್ ತಲೊಂಗ್. ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ಅಕ್ಕ ತಂಗಿ ಅನ್ನಬಹುದು.

ಗೆಣಸಿನ ಬಳ್ಳಿಯ ಕುಡಿಗೆ ತಲ್ಬೊಸ್ ನಂಗ್ ಕಮೋತೆ ಅಂತಾರೆ. ನಾವು ಗೆಡ್ಡೆ ತಿಂದು ಬಳ್ಳಿಯನ್ನು ದನಕ್ಕೆ ಹಾಕುತ್ತೇವಲ್ಲ, ಇವರಿಗೆ ಅದು ದಿನದ ಸೊಪ್ಪು. ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು, ಈರುಳ್ಳಿ, ಟೊಮೆಟೊ, ಕಲಮನ್ಸಿ ಬೆರೆಸಿದರೆ ಆಯಿತು. ಪಕೊ ಚಿಗುರಿಗೂ ಇದೇ ಕ್ರಮ, ಮಕಿಲಿಂಗ್ ಬೆಟ್ಟದ ಸುತ್ತಮುತ್ತ ಮಳೆಗಾಲದಲ್ಲಿ ಚೆನ್ನಾಗಿರುವುದು ಸಿಗುತ್ತದೆ. ಮಾರುವವರಿಂದಲೇ ತಗೊಳ್ಳಿ, ಕಾಡಿನಲ್ಲಿ ನೀವೇ ಕೀಳಬೇಡಿ, ಎಲ್ಲ ಜರೀಗಿಡವೂ ತಿನ್ನುವುದಲ್ಲ.

ಹಾಗಲಕಾಯಿ ಈ ದೇಶದ ಆರೋಗ್ಯ ಇಲಾಖೆ ಜನರಿಗೆ ತಿಳಿಸಿದ 10 ಔಷಧಿ ಗಿಡಗಳ ಪಟ್ಟಿಯಲ್ಲಿತ್ತು, ಸಕ್ಕರೆ ಕಾಯಿಲೆಗೆ ಅಂತ. ತರಕಾರಿಯಾಗಿ ಧಾರಾಳವಾಗಿ ತಿನ್ನಿ. ಅರ್ಧ ಚಂದ್ರದ ಹಾಗೆ ತೆಳ್ಳಗೆ ಹೆಚ್ಚಿ, ಉಪ್ಪು ಸವರಿ ಹದಿನೈದು ನಿಮಿಷ ಬಿಟ್ಟು ಹಿಂಡಿ, ಗಿಸಾದಲ್ಲಿ ಬಾಡಿಸಿ. ಅದರ ಎಲೆಯನ್ನೂ ಮೊಂಗ್ಗೊಗೆ ಹಾಕುತ್ತಾರೆ. ಆದರೆ ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ದಿನಾ ರಸ ಕುಡಿಯುವುದು, ಕ್ಯಾಪ್ಸೂಲ್ ನುಂಗುವುದು ಮಾಡಿದರೆ ಸಕ್ಕರೆ ಒಮ್ಮೆಲೇ ಇಳಿಯಬಹುದು. ಡಾಕ್ಟರನ್ನು ಕೇಳದೆ ಮಾತ್ರೆ ಮಾತ್ರ ನಿಲ್ಲಿಸಲೇಬೇಡಿ. ಗರ್ಭಿಣಿಯರಿಗೆ ಆ ರಸ ಬೇಡವೇ ಬೇಡ.

8. ಸಸ್ಯಾಹಾರಿಗಳು ಕೇಳಲೇಬೇಕಾದ ಮಾತು

ಪಿನಕ್ಬೆಟ್ ಅಂತ ಒಂದಿದೆ. ಬದನೆ, ಹಾಗಲ, ಬೆಂಡೆ, ಕುಂಬಳ, ಅಲಸಂದೆ, ನೋಡಿದರೆ ಅಪ್ಪಟ ತರಕಾರಿ ಪಲ್ಯ. ಒಂದು ಹೋಟೆಲ್ಲಿನಲ್ಲಿ ಬರೀ ತರಕಾರಿ ತಾನೇ ಅಂತ ಕೇಳಿದೆ, ಹೌದು ಅಂದರು, ನಾಲ್ಕು ತುತ್ತು ತಿಂದ ಮೇಲೆ ಹಂದಿಮಾಂಸದ ಚೂರು ಸಿಕ್ಕಿತು. ಅವರು ಸುಳ್ಳು ಹೇಳಿರಲಿಲ್ಲ. ಇಲ್ಲಿ ಮಾಂಸದ ಚೂರು ತರಕಾರಿಗೆ ಹಾಕುವ ಸಾಹೋಗ್, ಅಂದರೆ ರುಚಿಗೆ ಸೇರಿಸುವ ವಸ್ತು, ಅದಿದ್ದ ಮಾತ್ರಕ್ಕೆ ಅಡುಗೆ ಮಾಂಸದ್ದು ಆಗುವುದಿಲ್ಲ. ಜೊತೆಗೆ ಬಗೂಂಗ್ ಇದೆ, ಸೀಗಡಿ ಅಥವಾ ಮೀನನ್ನು ಉಪ್ಪಿನಲ್ಲಿ ಹುದುಗಿಸಿದ್ದು. ಪಾತಿಸ್ ಅಂದರೆ ಮೀನಿನ ಉಪ್ಪುನೀರು.

ಆದ್ದರಿಂದ ‘ವೆಜಿಟೇರಿಯನ್’ ಅಂತ ಕೇಳಬೇಡಿ. ಒಂದೊಂದನ್ನೇ ಹೆಸರಿಟ್ಟು ಹೇಳಿ: ‘ವಲಾಂಗ್ ಕರ್ನೆ, ವಲಾಂಗ್ ಇಸ್ದಾ, ವಲಾಂಗ್ ಬಗೂಂಗ್, ವಲಾಂಗ್ ಪಾತಿಸ್ ಪೊ’. ಮಾಂಸ, ಮೀನು, ಬಗೂಂಗ್, ಪಾತಿಸ್ ಯಾವುದೂ ಬೇಡ ರೀ ಅಂತ. ಸೂಪಿನ ಕ್ಯೂಬ್ ಹಾಕುತ್ತಾರಾ ಅಂತಲೂ ಕೇಳಿ. ಮನೆಯಲ್ಲಿ ಪಿನಕ್ಬೆಟ್ ಮಾಡುವಾಗ ಬಗೂಂಗ್ ಬದಲು ತೌಸಿ ಹಾಕಿ, ಅದು ಉಪ್ಪಿನಲ್ಲಿ ಹುದುಗಿಸಿದ ಕಪ್ಪು ಸೋಯಾಕಾಳು, ಚಿಕ್ಕ ಡಬ್ಬಿಯಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ತೊಳೆದು ಜಜ್ಜಿ ಒಂದು ಚಮಚ ಹಾಕಿದರೆ ಆ ಹುದುಗಿದ ರುಚಿ ಬರುತ್ತದೆ. ಪ್ರೋಟೀನಿಗೆ ತೊಕ್ವಾ, ಅಂದರೆ ಗಟ್ಟಿ ಟೋಫು.

9. ಸಂಜೆಯ ಬಾಯಾಡಿಕೆ

ಚಿಪ್ಸ್ ಪ್ಯಾಕೆಟ್ ಬದಲು ಏನು ಅಂದರೆ, ಬೇಯಿಸಿದ ಸಾಬಾ ಬಾಳೆ, ಬೇಯಿಸಿದ ಶೇಂಗಾ, ಹೆಚ್ಚಿದ ಸಿಂಗ್ಕಮಾಸ್‌ಗೆ ಒಂದು ಚಿಟಿಕೆ ಉಪ್ಪು. ಬೆಳಿಗ್ಗೆ ಬೀದಿಯಲ್ಲಿ ‘ತಹೋ...’ ಅಂತ ರಾಗ ಎಳೆದು ಕೂಗುತ್ತಾ ಎರಡು ತಗಡಿನ ಡಬ್ಬಿ ಹೆಗಲ ಮೇಲೆ ಹೊತ್ತವರು ಬರುತ್ತಾರೆ. ಬಿಸಿ ಬಿಸಿ ಮೆತ್ತನೆಯ ಸೋಯಾ ಗಿಣ್ಣಿನ ಹಾಗಿರುತ್ತದೆ, ಮೇಲೆ ಬೆಲ್ಲದ ಪಾಕದಂಥದ್ದು. ಪಾಕ ಕಮ್ಮಿ ಹಾಕಿ ಅಂದರೆ ಕಮ್ಮಿ ಹಾಕುತ್ತಾರೆ. ನಮ್ಮ ಮಗಳು ಸ್ಕೂಲಿಗೆ ಹೋಗುವ ಮುಂಚೆ ದಿನಾ ಗೇಟಿನ ಹತ್ತಿರ ಕಾಯುತ್ತಾಳೆ.

10. ಎಚ್ಚರ ವಹಿಸಬೇಕಾದ್ದು

ಪೂರ್ತಿ ಸಸ್ಯಾಹಾರವೇ ಆಗಿ, ಹಾಲು ಮೊಸರೂ ಇಲ್ಲದಿದ್ದರೆ ಬಿ12 ಮಾತ್ರೆ ಬೇಕೇ ಬೇಕು, ಯಾವ ಸೊಪ್ಪಿನಿಂದಲೂ ಅದು ನೆಚ್ಚುವಷ್ಟು ಸಿಗುವುದಿಲ್ಲ. ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸಬಾರದು, ಮೊದಲು ಡಾಕ್ಟರಿಗೆ ಹೇಳಿ. ಕಿಡ್ನಿ ತೊಂದರೆ ಇರುವವರಿಗೆ ಈ ಲೇಖನದ ಅರ್ಧ ಮಾತು ಹೊಂದುವುದೇ ಇಲ್ಲ, ಪೊಟ್ಯಾಶಿಯಂ, ಆಕ್ಸಲೇಟ್ ಲೆಕ್ಕ ನೋಡಿಯೇ ತಿನ್ನಬೇಕು. ಕಮಿಯಾಸ್ ಅಂದರೆ ನಮ್ಮ ಕರಾವಳಿಯ ಬಿಂಬುಳಿ, ಸಾರಿಗೆ ನಾಲ್ಕು ಹೋಳು ಪರವಾಗಿಲ್ಲ, ಆದರೆ ಅದರ ರಸವನ್ನು ಲೋಟಗಟ್ಟಲೆ ಕುಡಿದು ಕಿಡ್ನಿಗೆ ಪೆಟ್ಟು ಬಿದ್ದ ಪ್ರಕರಣಗಳು ಕೇರಳದಲ್ಲಿ ವರದಿಯಾಗಿವೆ. ಮರಗೆಣಸಿನ ಸಿಪ್ಪೆ ದಪ್ಪಗೆ ತೆಗೆದು ಚೆನ್ನಾಗಿ ಬೇಯಿಸಿ, ಹಸಿಯಾಗಿ ಬಾಯಿಗೆ ಹಾಕಬೇಡಿ. ಕಂಗ್ಕೊಂಗ್ ಚರಂಡಿ ನೀರಿನಲ್ಲೂ ಹುಲುಸಾಗಿ ಬೆಳೆಯುತ್ತದೆ, ಎಲ್ಲಿಂದ ತಂದಿದ್ದು ಅಂತ ಸೂಕಿಯನ್ನು ಕೇಳಿ, ಹರಿಯುವ ನೀರಿನಲ್ಲಿ ಮೂರು ಸಲ ತೊಳೆದು, ಬೇಯಿಸಿಯೇ ತಿನ್ನಿ.

11. ಒಂದು ಕೊಂಬೆ ನೆಡಿ

ವರ್ಷಕ್ಕೆ ಸುಮಾರು 20 ಚಂಡಮಾರುತ ಈ ದೇಶದ ಕಡೆ ಬರುತ್ತವೆ. ಒಂದು ಜೋರಾಗಿ ಬೀಸಿದರೆ ವಾರಗಟ್ಟಲೆ ಪಲೆಂಗ್ಕೆಯಲ್ಲಿ ಸೊಪ್ಪಿನ ಸಾಲು ಖಾಲಿ, ಇದ್ದಿದ್ದಕ್ಕೆ ಎರಡು ಮೂರು ಪಟ್ಟು ಬೆಲೆ. ಅಂಥ ಒಂದು ವಾರದಲ್ಲಿ ಕರೆಂಟೂ ಇರಲಿಲ್ಲ, ನಮ್ಮ ಬೀದಿಯ ಐದು ಮನೆಯವರು ಊಟ ಮಾಡಿದ್ದು ನಾನಾಯ್ ಬೇಲಿಯ ಬಸಳೆ, ನೆಲದಲ್ಲಿ ಹಬ್ಬಿದ ಗೆಣಸಿನ ಕುಡಿ, ಮುರಿದು ಬಿದ್ದ ನುಗ್ಗೆಮರದ ಎಲೆಗಳಿಂದ. ಆ ಮರ ಮುರಿದಾಗ ನನಗೆ ಅಳು ಬಂದಿತ್ತು. ನಾನಾಯ್ ಅಳಲಿಲ್ಲ, ಕತ್ತಿ ತಂದರು.

ಅವರು ಮಾಡಿದ ಹಾಗೇ ನೀವೂ ಮಾಡಿ. ಕೈಯ ಮಣಿಕಟ್ಟಿನಷ್ಟು ದಪ್ಪದ, ಮೂರಡಿ ಉದ್ದದ ನುಗ್ಗೆ ಕೊಂಬೆ ತಗೊಂಡು ಬುಡವನ್ನು ಓರೆಯಾಗಿ ಕಡಿಯಿರಿ. ನೀರು ನಿಲ್ಲದ, ಬಿಸಿಲು ಬೀಳುವ ಜಾಗದಲ್ಲಿ ಒಂದಡಿ ಆಳಕ್ಕೆ ನೆಡಿ. ತುದಿಗೆ ಒಂದಿಷ್ಟು ಮಣ್ಣು ಮೆತ್ತಿ, ಒಣಗುವುದಿಲ್ಲ. ಬಸಳೆಗೆ ಒಂದು ಗೇಣು ದಂಟು, ಗೆಣಸಿಗೆ ಒಂದು ತುಂಡು ಬಳ್ಳಿ ಸಾಕು, ಬಾಡಿಗೆ ಮನೆಯವರಾದರೆ ಹಳೆಯ ಬಕೆಟ್ಟಿನಲ್ಲೂ ಬರುತ್ತವೆ. ನುಗ್ಗೆ ಎರಡು ಮೂರು ವಾರದಲ್ಲಿ ಚಿಗುರುತ್ತದೆ. ಚಿಗುರು ಕಂಡ ಕೂಡಲೇ ಕೈ ಹಾಕಬೇಡಿ, ಬೇರು ಹಿಡಿಯಲು ಎರಡು ಮೂರು ತಿಂಗಳು ಬಿಡಿ. ಆಮೇಲೆ ತುದಿ ಚಿವುಟಿ, ಮೇಲಕ್ಕೆ ಹೋಗದೆ ಪಕ್ಕಕ್ಕೆ ಕವಲೊಡೆಯುತ್ತದೆ, ಏಣಿ ಇಲ್ಲದೆ ಕೈಗೆ ಸಿಗುತ್ತದೆ. ಪಕ್ಕದ ಮನೆಯವರು ಒಂದು ಕೊಂಬೆ ಕೇಳಿದರೆ ಮುರಿದು ಕೊಡಿ. ಇಲ್ಲಿ ಮಲುಂಗ್ಗಾಯ್‌ಗೆ ಅಕ್ಕಪಕ್ಕದವರ ಹತ್ತಿರ ದುಡ್ಡು ತಗೊಳ್ಳುವುದಿಲ್ಲ.